ಅಜ್ಜಿಯ ಹಿತ್ತಾಳೆ ತಪ್ಪಲೆ ಮತ್ತು ಮಗುವಿನ ಲಿವರ್

ಪ್ರಶ್ನೆ: ಡಾಕ್ಟರೇ, ನನಗೆ ಏಳು ತಿಂಗಳ ಗಂಡು ಮಗು ಇದೆ. ನನ್ನ ಗಂಡ ನನ್ನ ಸೋದರತ್ತೆಯ ಮಗ. ನಮ್ಮಿಬ್ಬರಿಗೂ ಅಜ್ಜಿ ಒಬ್ಬರೇ. ಆ ಅಜ್ಜಿಯ ಮೊದಲ ಎರಡು ಗಂಡು ಮಕ್ಕಳು ಒಂದೂವರೆ ವರ್ಷ ತುಂಬುವ ಹೊತ್ತಿಗೆ ಹೊಟ್ಟೆ ಊದಿ, ಕಾಮಾಲೆ ಆಗಿ ಹೋದರಂತೆ. ಮನೆಯಲ್ಲಿ ಈಗಲೂ "ಲಿವರ್ ಆಗಿ ಹೋದವು" ಅಂತಲೇ ಹೇಳುತ್ತಾರೆ. ಅಜ್ಜಿಯ ಎದೆಹಾಲೇ ವಿಷ ಎಂದು ಊರಲ್ಲಿ ಆಡಿಕೊಂಡರಂತೆ. ಅದಕ್ಕೇ ಎರಡನೇ ಮಗುವಿಗೆ ಮೂರನೇ ತಿಂಗಳಿಗೇ ಎದೆಹಾಲು ಬಿಡಿಸಿ ಹಸುವಿನ ಹಾಲು ಹಾಕಿದರು. ಅದೂ ಉಳಿಯಲಿಲ್ಲ. ಆಮೇಲೆ ಹುಟ್ಟಿದ ನನ್ನ ಅಪ್ಪ ಮತ್ತು ಅತ್ತೆ ಆರೋಗ್ಯವಾಗಿದ್ದಾರೆ. ಇದು ರಕ್ತದಲ್ಲಿ ಬರುವ ರೋಗವೇ? ನನ್ನ ಮಗುವಿಗೂ ಬರಬಹುದೇ? ಇನ್ನೊಂದು ವಿಷಯ. ಅತ್ತೆ ಹಳೆಯ ಹಿತ್ತಾಳೆ ತಪ್ಪಲೆ ತೊಳೆದು ಇಟ್ಟಿದ್ದಾರೆ. ಇದರಲ್ಲಿ ಕಾಯಿಸಿದ ಹಾಲೇ ಮಗುವಿಗೆ ಒಳ್ಳೆಯದು ಅಂತಾರೆ. ಮೊಬೈಲಿನಲ್ಲೂ ಹಾಗೇ ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದಕ್ಕೆ ಇವತ್ತೇ ಉತ್ತರ ಬೇಕು. ಆ ತಪ್ಪಲೆಯಲ್ಲಿ ಮಗುವಿಗೆ ಹಾಲು ಕಾಯಿಸಬೇಡಿ. ಬೇರೆ ಪಾತ್ರೆಯಲ್ಲಿ ಕಾಯಿಸಿ ಅದರಲ್ಲಿ ಇಡುವುದೂ ಬೇಡ. ಸ್ಟೀಲ್ ಪಾತ್ರೆ ಸಾಕು. ಅತ್ತೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಅವರು ಪ್ರೀತಿಯಿಂದ ಹೇಳಿದ್ದು. ಆದರೆ ನಿಮ್ಮ ಪತ್ರ ಓದುತ್ತಿದ್ದಾಗ ನನ್ನ ಮನಸ್ಸು ಆ ಮಕ್ಕಳ ಕಾಮಾಲೆಯಿಂದ ನೇರವಾಗಿ ಆ ತಪ್ಪಲೆಗೆ ಹೋಯಿತು. ಯಾಕೆ ಎಂದು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಮಗು ಮಲಗಿದಾಗ ಓದಿ.

ನೀವು ಬರೆದ ರೋಗಕ್ಕೆ ವೈದ್ಯರ ಪುಸ್ತಕಗಳಲ್ಲಿ ನಮ್ಮ ದೇಶದ ಹೆಸರೇ ಇದೆ. ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್. ಸಿರೋಸಿಸ್ ಎಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವುದು. 1887ರಲ್ಲಿ ಕಲ್ಕತ್ತಾದಲ್ಲಿ ಸೇನ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಆಮೇಲೆ ಸುಮಾರು ನೂರು ವರ್ಷ ಈ ರೋಗ ನಮ್ಮ ಮಕ್ಕಳನ್ನು ಒಯ್ಯುತ್ತಲೇ ಇತ್ತು. ಹೆಚ್ಚಾಗಿ ಒಂದರಿಂದ ಮೂರು ವರ್ಷದ ಮಕ್ಕಳು. ಹೆಣ್ಣಿಗಿಂತ ಗಂಡು ಮಕ್ಕಳು ಜಾಸ್ತಿ. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗು ಹೋಗುವುದೂ ಇತ್ತು. ಕಡುಬಡವರಿಗಿಂತ ಹಸು, ಹಿತ್ತಾಳೆ, ಒಂದಷ್ಟು ಹೊಲ ಇದ್ದ ಮಧ್ಯಮ ವರ್ಗದ ಹಳ್ಳಿಮನೆಗಳಲ್ಲಿ ಇದು ಹೆಚ್ಚು ಕಾಣುತ್ತಿತ್ತು. ಈ ಕೊನೆಯ ಮಾತು ಎಷ್ಟೋ ದಶಕ ಯಾರಿಗೂ ಅರ್ಥವಾಗಲಿಲ್ಲ. ಮಕ್ಕಳ ರೋಗ ಎಂದರೆ ಬಡವರ ಮನೆಯನ್ನೇ ಮೊದಲು ಹುಡುಕುತ್ತದೆ. ಇದು ಯಾಕೆ ಉಲ್ಟಾ?

ನಾನು ಮಕ್ಕಳ ವೈದ್ಯಕೀಯ ಓದುವಾಗ ಈ ರೋಗ ವಾರ್ಡಿನಲ್ಲಿ ಇನ್ನೂ ಇತ್ತು. ಮಗು ಮೊದಲು ಸುಮ್ನೆ ಕಿರಿಕಿರಿ ಮಾಡುತ್ತದೆ. ಊಟ ಸೇರುವುದಿಲ್ಲ. ಸಣ್ಣ ಜ್ವರ ಬಂದು ಹೋಗುತ್ತದೆ. ತಾಯಿ "ಹೊಟ್ಟೆ ಸ್ವಲ್ಪ ದಪ್ಪ ಆಗಿದೆ, ಡಾಕ್ಟ್ರೇ" ಅಂತ ಬರುತ್ತಾಳೆ. ಕೈಯಿಟ್ಟು ನೋಡಿದರೆ ಲಿವರ್ ದೊಡ್ಡದಾಗಿ, ಗಟ್ಟಿಯಾಗಿ, ಅಂಚು ಎಲೆಯ ಅಂಚಿನ ಹಾಗೆ ಚೂಪಾಗಿ ಬೆರಳಿಗೆ ಸಿಗುತ್ತಿತ್ತು. ಆ ಅಂಚು ಸಿಕ್ಕ ಕ್ಷಣ ನಮ್ಮ ಗುರುಗಳ ಮುಖ ಬದಲಾಗುತ್ತಿತ್ತು. ಆಮೇಲೆ ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ. ಲಕ್ಷಣ ಶುರುವಾದ ಕೆಲವು ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದಲ್ಲಿ, ಎಲ್ಲ ಮುಗಿಯುತ್ತಿತ್ತು.

ಒಬ್ಬ ತಾಯಿ ನನಗೆ ಈಗಲೂ ನೆನಪಿದ್ದಾರೆ. ದಿನಾ ಸಂಜೆ ಅವರ ಮಾವ ಊರಿನಿಂದ ಬಸ್ಸಿನಲ್ಲಿ ಹಾಲು ತರುತ್ತಿದ್ದರು. ಸ್ವಂತ ಹಸುವಿನ ಹಾಲು, ಬೆಳಿಗ್ಗೆ ಕಾಯಿಸಿದ್ದು. ಹಿತ್ತಾಳೆ ಚೊಂಬಿನಲ್ಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ. ನಾವು ಆ ಮಗುವಿನ ರಕ್ತ ಪರೀಕ್ಷೆ ಮಾಡಿದೆವು, ಸೂಜಿಯಿಂದ ಲಿವರಿನ ಚೂರು ತೆಗೆದು ನೋಡಿದೆವು, ಯಾವ ವೈರಸ್ ಇರಬಹುದು ಎಂದು ಗಂಟೆಗಟ್ಟಲೆ ಚರ್ಚೆ ಮಾಡಿದೆವು. ಚೊಂಬು ಮಂಚದ ಪಕ್ಕದ ಸ್ಟೂಲಿನ ಮೇಲೇ ಇತ್ತು. ನಮ್ಮಲ್ಲಿ ಯಾರೂ ಅದನ್ನು ನೋಡಲಿಲ್ಲ.

ಹಾಗಂತ ಯಾರೂ ಕಾರಣ ಹುಡುಕಲಿಲ್ಲ ಎಂದಲ್ಲ. ವೈರಸ್ ಎಂದರು, ಪೌಷ್ಟಿಕಾಂಶದ ಕೊರತೆ ಎಂದರು, ಹಳ್ಳಿ ಮದ್ದು ಎಂದರು. ನಮ್ಮ ಮೈಸೂರಿನಲ್ಲೂ ಒಂದು ಮುಖ್ಯ ಕೆಲಸ ನಡೆಯಿತು. ಅಲ್ಲಿನ ಮಕ್ಕಳ ವೈದ್ಯರೂ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ವಿಜ್ಞಾನಿಗಳೂ ಸೇರಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಪೌಷ್ಟಿಕತೆಯ ಮಕ್ಕಳಿಗೆ ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿ ಬೂಷ್ಟಿನ ವಿಷ ಇತ್ತು, ಅದನ್ನು ತಿಂದ ಮಕ್ಕಳ ಲಿವರಿನಲ್ಲಿ ಸಿರೋಸಿಸ್ ಕಂಡಿತು ಎಂದು ಬರೆದರು. ಆ ವಿಷದ ಹೆಸರು ಅಫ್ಲಾಟಾಕ್ಸಿನ್. ಕೈಯಾರೆ ಕೊಟ್ಟ ಆಹಾರದಲ್ಲೇ ತೊಂದರೆ ಇತ್ತು ಎಂದು ಬರೆಯಲು ಧೈರ್ಯ ಬೇಕು. ಆ ಪ್ರಾಮಾಣಿಕತೆಗೆ ನನಗೆ ಇವತ್ತಿಗೂ ಗೌರವ. ಆದರೆ ದೇಶದ ಎಲ್ಲ ಕಡೆಯ ಈ ರೋಗಕ್ಕೆ ಅಫ್ಲಾಟಾಕ್ಸಿನ್ ಉತ್ತರ ಆಗಲಿಲ್ಲ. ಕಡಲೆಕಾಯಿ ಹಿಟ್ಟು ಮುಟ್ಟದ ಮಕ್ಕಳೂ ಸಾಯುತ್ತಿದ್ದರು.

ಸುಳಿವು ಸಿಕ್ಕಿದ್ದು ಸೂಕ್ಷ್ಮದರ್ಶಕದಲ್ಲಿ. 1978ರಲ್ಲಿ ಲಂಡನ್ನಿನ ತಂಡವೊಂದು ಈ ಮಕ್ಕಳ ಲಿವರ್ ಚೂರಿಗೆ ಆರ್ಸೀನ್ ಎಂಬ ಬಣ್ಣ ಹಾಕಿ ನೋಡಿತು. ಜೀವಕೋಶಗಳ ತುಂಬ ಕಂದು ಕಾಳುಗಳು. ತಾಮ್ರ ಕಟ್ಟಿಕೊಂಡಿರುವ ಗುರುತು ಅದು. ಮರುವರ್ಷ ನ್ಯೂಯಾರ್ಕಿನ ಹ್ಯಾನ್ಸ್ ಪಾಪರ್ ಮತ್ತು ದೆಹಲಿಯ ಎನ್. ಸಿ. ನಾಯಕ್ ಅವರ ತಂಡವೂ ಈ ಲಿವರುಗಳಲ್ಲಿ ತಾಮ್ರ ತುಂಬಿರುವುದನ್ನು ತೋರಿಸಿತು. ಲೆಕ್ಕ ಹೇಳುತ್ತೇನೆ. ಒಣಗಿಸಿದ ಒಂದು ಗ್ರಾಂ ಲಿವರಿನಲ್ಲಿ ಸಾಮಾನ್ಯವಾಗಿ 50 ಮೈಕ್ರೋಗ್ರಾಮಿನೊಳಗೆ ತಾಮ್ರ ಇರುತ್ತದೆ. ಈ ಮಕ್ಕಳಲ್ಲಿ ಅದು 800 ದಾಟುವುದು ಮಾಮೂಲಾಗಿತ್ತು. ಲಿವರ್ ಕೆಟ್ಟ ಮೇಲೆ ಯಾವ ರೋಗದಲ್ಲಾದರೂ ಸ್ವಲ್ಪ ತಾಮ್ರ ಉಳಿದುಕೊಳ್ಳಬಹುದು. ಇಷ್ಟೊಂದು ಸುಮ್ನೆ ಸೇರಲ್ಲ.

ಹಾಗಾದರೆ ಒಂದು ವರ್ಷದ ಮಗುವಿನ ಹೊಟ್ಟೆಗೆ ಇಷ್ಟು ತಾಮ್ರ ಎಲ್ಲಿಂದ ಬಂತು?

ಇಲ್ಲಿಂದ ಕಥೆ ಪುಣೆಗೆ ಬರುತ್ತದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಆನಂದ್ ಪಂಡಿತ್, ಶೀಲಾ ಭಾವೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸ್ಟುವರ್ಟ್ ಟ್ಯಾನರ್. ಲಂಡನ್ನಿನಲ್ಲಿ ಆ ಕಂದು ಕಾಳುಗಳನ್ನು ನೋಡಿದ ತಂಡದಲ್ಲಿ ಟ್ಯಾನರ್ ಕೂಡ ಇದ್ದರು. ಇವರೆಲ್ಲ ಸೇರಿ ಮಾಡಿದ ಕೆಲಸ ಹೇಳಿದರೆ ಬಹಳ ಸರಳ ಅನ್ನಿಸುತ್ತದೆ. ತಾಯಂದಿರ ಹತ್ತಿರ ಕೂತು ಕೇಳಿದರು. ಎದೆಹಾಲು ಎಷ್ಟು ತಿಂಗಳು ಕೊಟ್ಟಿರಿ? ಹಸುವಿನದೋ ಎಮ್ಮೆಯದೋ ಹಾಲು ಯಾವಾಗ ಶುರು ಮಾಡಿದಿರಿ? ಯಾವುದರಲ್ಲಿ ಕಾಯಿಸಿದಿರಿ? ಯಾವುದರಲ್ಲಿ ಇಟ್ಟಿರಿ? ರೋಗ ಬಂದ ಮಕ್ಕಳ ತಾಯಂದಿರಿಗೂ ಕೇಳಿದರು, ರೋಗ ಬರದ ಮಕ್ಕಳ ತಾಯಂದಿರಿಗೂ ಅದನ್ನೇ ಕೇಳಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ರೋಗ ಬಂದ ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಪ್ರಾಣಿಯ ಹಾಲು ಶುರುವಾಗಿತ್ತು. ಅದು ಕಲಾಯಿ ಇಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲು. ಹಿತ್ತಾಳೆಯಲ್ಲೂ ಹೆಚ್ಚಿನ ಪಾಲು ತಾಮ್ರವೇ. 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇಷ್ಟಕ್ಕೇ ನಂಬಬೇಕಾಗಿಲ್ಲ. ಮಗು ಕಳೆದುಕೊಂಡ ತಾಯಿ ಪ್ರತಿ ದಿನ, ಪ್ರತಿ ತುತ್ತು ನೆನಪಿಟ್ಟಿರುತ್ತಾಳೆ. ಆರೋಗ್ಯವಾಗಿರುವ ಮಗುವಿನ ತಾಯಿ ಮರೆತಿರಬಹುದು. ಹಾಗಾಗಿ ಬರೀ ನೆನಪಿನ ಮೇಲೆ ಕಟ್ಟಿದ ಸಂಶೋಧನೆಯನ್ನು ಅನುಮಾನದಿಂದಲೇ ನೋಡಬೇಕು. ಅವರೂ ಹಾಗೇ ನೋಡಿದರು. 1987ರಲ್ಲಿ ಒಂದೊಂದು ರೋಗಿ ಮಗುವಿಗೂ ಈ ರೋಗ ಇಲ್ಲದ ಒಂದೊಂದು ಮಗುವನ್ನು ಜೋಡಿಯಾಗಿ ಆರಿಸಿ ಮತ್ತೆ ಹೋಲಿಸಿದರು. ಲೆಸ್ಟರಿನ ಪ್ರಯೋಗಾಲಯದಲ್ಲಿ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಇಟ್ಟು ಅಳೆದರು.

ಆ ಪ್ರಯೋಗದ ಫಲಿತಾಂಶ ನನಗೆ ಬಹಳ ಇಷ್ಟ, ನಮ್ಮ ಅಡುಗೆಮನೆಯ ಒಂದು ಒಗಟನ್ನು ಅದು ಬಿಡಿಸುತ್ತದೆ. ನಮ್ಮ ಹಿರಿಯರಿಗೆ ಕಿಲುಬು ಗೊತ್ತಿತ್ತು. ಕಲಾಯಿ ಹೋದ ಹಿತ್ತಾಳೆಯಲ್ಲಿ ಸಾರು, ಮಜ್ಜಿಗೆ, ಹುಣಸೆಹಣ್ಣು ಹಾಕಿದ್ದು ಯಾವುದನ್ನೂ ಇಡುತ್ತಿರಲಿಲ್ಲ. ಹುಳಿ ತಾಗಿದರೆ ಕಿಲುಬು ಬಿಡುತ್ತದೆ, ತಿಂದರೆ ವಾಂತಿ ಆಗುತ್ತದೆ ಎಂದು ಪ್ರತಿ ಮನೆಯಲ್ಲೂ ಗೊತ್ತಿತ್ತು. ಅದಕ್ಕೇ ಕಲಾಯಿಯವನು ಬೀದಿಗೆ ಬಂದರೆ ಪಾತ್ರೆಗಳೆಲ್ಲ ಹೊರಗೆ ಬರುತ್ತಿದ್ದವು. ತಿದಿ ಒತ್ತಿ, ನವಸಾಗರ ಹಾಕಿ, ತವರ ಸವರಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆದರೆ ಹಾಲು? ಹಾಲು ಹುಳಿ ಅಲ್ಲ. ಹಸಿರು ಬಣ್ಣ ಬರುವುದಿಲ್ಲ, ರುಚಿ ಕೆಡುವುದಿಲ್ಲ, ವಾಂತಿ ಆಗುವುದಿಲ್ಲ. ಹಾಗಾಗಿ ಹಾಲಿನ ಪಾತ್ರೆಗೆ ಕಲಾಯಿ ಹೋಗಿದೆಯೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನ್ ಇದೆ. ಮೊಸರು ಗಟ್ಟಿಯಾಗುವುದು ಅದರಿಂದಲೇ. ಈ ಕೇಸೀನಿಗೆ ತಾಮ್ರವನ್ನು ಹಿಡಿದುಕೊಳ್ಳುವ ಗುಣ ಇದೆ. ಪಾತ್ರೆಯ ಗೋಡೆಯಿಂದ ತಾಮ್ರ ಬಿಡುತ್ತಾ ಹೋದ ಹಾಗೆ ಹಾಲು ಅದನ್ನು ಹಿಡಿದು ಒಳಗಿಟ್ಟುಕೊಳ್ಳುತ್ತಾ ಹೋಗುತ್ತದೆ. ಕಾಯಿಸಿದಾಗ ಒಂದಷ್ಟು, ಇಟ್ಟಷ್ಟು ಹೊತ್ತು ಇನ್ನಷ್ಟು. ಕಣ್ಣಿಗೆ ಏನೂ ಕಾಣುವುದಿಲ್ಲ. ನೀರಿಗೆ ಈ ಗುಣ ಇಲ್ಲ.

ಎಳೆ ಮಗುವಿಗೇ ಇದು ಯಾಕೆ ಅಪಾಯ? ಮಗು ಹೊಟ್ಟೆಯಲ್ಲಿರುವಾಗ ಕೊನೆಯ ತಿಂಗಳುಗಳಲ್ಲಿ ತಾಯಿಯಿಂದ ತಾಮ್ರ ತೆಗೆದುಕೊಂಡು ತನ್ನ ಲಿವರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹುಟ್ಟಿದ ಮೇಲಿನ ತಿಂಗಳುಗಳಿಗೆ ಅದೇ ಬುತ್ತಿ. ಹಾಗಾಗಿ ಹುಟ್ಟುವಾಗಲೇ ಲಿವರಿನಲ್ಲಿ ತಾಮ್ರ ಜಾಸ್ತಿ ಇರುತ್ತದೆ. ಹೆಚ್ಚಾದ ತಾಮ್ರವನ್ನು ಪಿತ್ತದ ಮೂಲಕ ಹೊರಗೆ ಹಾಕುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಆ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದ ತಾಮ್ರ ಸುಮಾರು 0.2 ಮಿಲಿಗ್ರಾಂ ಅಷ್ಟೇ. ಎದೆಹಾಲಿನಲ್ಲಿ ಇರುವುದೂ ಬಹಳ ಕಡಿಮೆ. ಪ್ರಕೃತಿ ಅಳತೆ ಮಾಡಿಯೇ ಇಟ್ಟಿದೆ. ಅಂಥ ಮಗುವಿಗೆ ದಿನಕ್ಕೆ ನಾಲ್ಕೈದು ಸಲ, ತಿಂಗಳುಗಟ್ಟಲೆ, ಹಿತ್ತಾಳೆಯ ಹಾಲು ಹೋದರೆ ಬಂದದ್ದೆಲ್ಲ ಲಿವರಿನಲ್ಲೇ ಕೂರುತ್ತದೆ.

ಈಗ ಆ ಉಲ್ಟಾ ಲೆಕ್ಕಕ್ಕೆ ಬನ್ನಿ. ಕಡುಬಡವರ ಮನೆಯಲ್ಲಿ ಹಸು ಇರಲಿಲ್ಲ, ಹಿತ್ತಾಳೆಯೂ ಇರಲಿಲ್ಲ. ಮಣ್ಣಿನ ಗಡಿಗೆ ಇಲ್ಲವೇ ಅಲ್ಯೂಮಿನಿಯಂ ಇರುತ್ತಿತ್ತು. ತಾಯಿ ಎರಡು ವರ್ಷವಾದರೂ ಮೊಲೆಯೂಡಿಸುತ್ತಿದ್ದಳು. ಅನುಕೂಲ ಇದ್ದವರ ಮನೆಯಲ್ಲಿ ಮಗು ಗಟ್ಟಿಮುಟ್ಟಾಗಲಿ ಎಂದು ಬೇಗ ಹಸುವಿನ ಹಾಲು ಶುರು. ತವರಿನಿಂದ ಬಂದ ಹೊಳೆಯುವ ಪಾತ್ರೆಯಲ್ಲೇ ಕಾಯಿಸುವುದು. ಮೇಲುಹಾಲು ಯಾರಿಗೆ ಮೊದಲು ಸಿಗುತ್ತಿತ್ತು ಎಂದು ನಮ್ಮ ಮನೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಗಂಡು ಮಕ್ಕಳಲ್ಲಿ ರೋಗ ಜಾಸ್ತಿ ಕಂಡದ್ದಕ್ಕೆ ಅದೂ ಒಂದು ಕಾರಣ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ ಮಾತ್ರ.

ನಿಮ್ಮ ಅಜ್ಜಿಯ ಎರಡನೇ ಮಗುವಿನ ವಿಷಯ ಓದಿ ನನಗೆ ಸಂಕಟ ಆದದ್ದು ಇದಕ್ಕೇ. ಮೊದಲ ಮಗು ಹೋದದ್ದಕ್ಕೆ ಎದೆಹಾಲನ್ನು ದೂರಿದರು. ಎರಡನೆಯದಕ್ಕೆ ಎದೆಹಾಲು ಬಿಡಿಸಿ ಮೂರನೇ ತಿಂಗಳಿಗೇ ಹಸುವಿನ ಹಾಲು ಹಾಕಿದರು. ಅದು ಯಾವ ಪಾತ್ರೆಯಲ್ಲಿ ಕಾಯಿಸಿದ್ದು ಎಂದು ಈಗ ಊಹಿಸುವುದು ಕಷ್ಟವಲ್ಲ, ಅಲ್ವಾ? ಅರವತ್ತು ಎಪ್ಪತ್ತು ವರ್ಷದ ಹಿಂದಿನ ಸಾವಿಗೆ ಪತ್ರ ಓದಿ ರೋಗದ ಹೆಸರು ಬರೆಯುವುದು ವೈದ್ಯನಿಗೆ ಸಲ್ಲದು. ಆದರೆ ವಯಸ್ಸು, ಊದಿದ ಹೊಟ್ಟೆ, ಕಾಮಾಲೆ, ಒಂದರ ಹಿಂದೆ ಇನ್ನೊಂದು, ಎಲ್ಲವೂ ಈ ರೋಗಕ್ಕೇ ಹೊಂದುತ್ತವೆ.

ಇನ್ನು ರಕ್ತದಲ್ಲಿ ಬರುತ್ತದೆಯೇ ಎಂಬ ಪ್ರಶ್ನೆ. ಇದಕ್ಕೆ ಒಳ್ಳೆಯ ಬೆಳಕು ಸಿಕ್ಕಿದ್ದು ಭಾರತದಿಂದ ಬಹಳ ದೂರದಲ್ಲಿ. ಆಸ್ಟ್ರಿಯಾ ದೇಶದ ಟಿರೋಲ್ ಎಂಬ ಬೆಟ್ಟದ ನಾಡಿನಲ್ಲಿ 1900ರಿಂದ 1974ರ ನಡುವೆ 138 ಎಳೆ ಮಕ್ಕಳು ಲಿವರ್ ರೋಗದಿಂದ ಸತ್ತಿದ್ದರು. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಥಾಮಸ್ ಮ್ಯೂಲರ್ ಮತ್ತು ಜೊತೆಗಾರರು ಆ ಮನೆಗಳ ವಂಶಾವಳಿ ಬಿಡಿಸಿ 1996ರಲ್ಲಿ ಪ್ರಕಟಿಸಿದರು. ರೋಗ ನಮ್ಮ ಮಕ್ಕಳದ್ದರ ಹಾಗೇ ಇತ್ತು. ಅಲ್ಲಿಯೂ ಮಕ್ಕಳಿಗೆ ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹಾಲು ಕಾಯಿಸಿ ಕೊಡುತ್ತಿದ್ದರು. ಪಾತ್ರೆ ಬದಲಾದ ಮೇಲೆ ರೋಗ ನಿಂತುಹೋಯಿತು. ಹಸುಗಳ ನಾಡು, ಬೇಗ ಮೇಲುಹಾಲು, ತಾಮ್ರದ ಪಾತ್ರೆ. ಭಾಷೆ ಬೇರೆ, ಹವೆ ಬೇರೆ, ಅಡುಗೆಮನೆ ಒಂದೇ.

ಆದರೆ ಅವರು ಇನ್ನೂ ಒಂದು ವಿಷಯ ಕಂಡರು. ಅದೇ ಊರಿನಲ್ಲಿ ಅಂಥದೇ ಪಾತ್ರೆಯ ಹಾಲು ಕುಡಿದ ಎಷ್ಟೋ ಮಕ್ಕಳಿಗೆ ಏನೂ ಆಗಿರಲಿಲ್ಲ. ರೋಗ ಕೆಲವು ವಂಶಗಳಲ್ಲಿ ಮಾತ್ರ ಇತ್ತು. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷದ ಜೀನ್ ಬಂದ ಮಗುವಿಗೆ ಮಾತ್ರ ರೋಗ ಬರುವ ರೀತಿಯಲ್ಲಿ ಅದು ಹರಡಿತ್ತು. ಅಂದರೆ ಎರಡು ಕಾರಣ ಜೊತೆಗೂಡಬೇಕು. ತಾಮ್ರವನ್ನು ನಿಭಾಯಿಸಲಾಗದ ಹುಟ್ಟುಗುಣ, ಅದರ ಮೇಲೆ ಪಾತ್ರೆಯ ತಾಮ್ರ. ಅಮೆರಿಕದ ಮ್ಯಾಸಚೂಸೆಟ್ಸಿನ ಮೂರು ಊರುಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ಅಲ್ಲಿ ಕುಡಿಯುವ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಮಿಗೂ ಹೆಚ್ಚು ತಾಮ್ರ ಇತ್ತು. ಆದರೂ ಅಲ್ಲಿನ ಚಿಕ್ಕ ಮಕ್ಕಳಲ್ಲಿ ಲಿವರ್ ರೋಗದ ಸಾವು ಕಾಣಲಿಲ್ಲ ಎಂದು 1994ರಲ್ಲಿ ಬರೆದರು. ತಾಮ್ರ ಒಂದೇ ಸಾಲದು ಎಂದಾಯಿತು.

ನಮ್ಮಲ್ಲೂ ಎಲ್ಲರೂ ಒಪ್ಪಿ ಕೂತಿಲ್ಲ. ದೆಹಲಿಯ ನಾಯಕ್ ಅವರೇ, ತಾಮ್ರ ತುಂಬಿರುವುದನ್ನು ತೋರಿಸಿದವರಲ್ಲಿ ಒಬ್ಬರು, ಹಾಲಿನ ಪಾತ್ರೆಯೊಂದೇ ಕಾರಣ ಎನ್ನುವುದನ್ನು ಪ್ರಶ್ನಿಸಿದರು. ಅದು ಆರೋಗ್ಯಕರ ಜಗಳ. ನನ್ನ ತೀರ್ಮಾನ ಕೇಳಿದರೆ, ಪಾತ್ರೆಯನ್ನು ಬಿಟ್ಟು ಈ ರೋಗದ ಕಥೆ ಹೇಳಲು ಆಗುವುದಿಲ್ಲ. ಸ್ಟೀಲ್ ಪಾತ್ರೆ ಮನೆಮನೆಗೆ ಬಂದಿತು, ಪುಣೆ ಕಡೆಯ ಹಳ್ಳಿಗಳಲ್ಲಿ ಮಗುವಿಗೆ ಹಿತ್ತಾಳೆಯಲ್ಲಿ ಹಾಲು ಕಾಯಿಸಬೇಡಿ ಎಂದು ತಿಳಿಹೇಳಿದರು, ರೋಗ ಇಳಿಯಿತು. ಇವತ್ತು ಮಕ್ಕಳ ವೈದ್ಯಕೀಯ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಇಂಥ ಒಂದು ಮಗುವನ್ನೂ ನೋಡಿಲ್ಲ. ನೂರು ವರ್ಷ ಕಾಡಿದ ರೋಗ ನನ್ನ ಒಂದೇ ವೃತ್ತಿಜೀವನದಲ್ಲಿ ಕಣ್ಮರೆಯಾಯಿತು. ಹೊಸ ಲಸಿಕೆ ಬರಲಿಲ್ಲ, ದೊಡ್ಡ ಯಂತ್ರ ಬರಲಿಲ್ಲ.

ಔಷಧಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಅದೂ ಪುಣೆಯ ಆ ತಂಡದ ಕೆಲಸ. ದೇಹದಿಂದ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುವ ಪೆನಿಸಿಲಮಿನ್ ಎಂಬ ಔಷಧಿ ಇದೆ. 1956ರಲ್ಲಿ ಜಾನ್ ವಾಲ್ಶ್ ಎಂಬ ಬ್ರಿಟಿಷ್ ವೈದ್ಯರು ಅದನ್ನು ತಾಮ್ರ ಸೇರುವ ಇನ್ನೊಂದು ರೋಗವಾದ ವಿಲ್ಸನ್ ಕಾಯಿಲೆಗೆ ಬಳಕೆಗೆ ತಂದರು. ಪುಣೆಯಲ್ಲಿ ಅದನ್ನೇ ಈ ಮಕ್ಕಳಿಗೆ ಕೊಟ್ಟು ನೋಡಿದರು. ಔಷಧಿ ಇಲ್ಲದೆ ಶೇ. 90ಕ್ಕೂ ಹೆಚ್ಚು ಮಕ್ಕಳು ಸಾಯುತ್ತಿದ್ದರು. ಕೊಟ್ಟ ಮೇಲೆ ಅದು ಶೇ. 63ರ ಹತ್ತಿರಕ್ಕೆ ಇಳಿಯಿತು. ಇನ್ನೂ ದೊಡ್ಡ ಸಂಖ್ಯೆಯೇ, ಆದರೆ ಅಲ್ಲಿಯವರೆಗೆ ಆ ಮಕ್ಕಳ ತಾಯಂದಿರಿಗೆ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಬೇಗ ಬಂದ ಮಕ್ಕಳಿಗೆ ಲಾಭ ಹೆಚ್ಚಾಯಿತು. ಬದುಕುಳಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಲಿವರ್ ಸುಧಾರಿಸಿತ್ತು, ಔಷಧಿ ನಿಲ್ಲಿಸಿದರೂ ರೋಗ ಮರಳಿ ಬರಲಿಲ್ಲ. ತಾಮ್ರ ಬರುವ ದಾರಿ ಮುಚ್ಚಿದ ಮೇಲೆ ಹುಟ್ಟುಗುಣ ಒಂದೇ ಆ ಮಕ್ಕಳಿಗೆ ಏನೂ ಮಾಡಲಿಲ್ಲ.

ನಿಮ್ಮ ಭಯಕ್ಕೆ ಉತ್ತರ ಇರುವುದು ಇಲ್ಲೇ. ನೀವೂ ನಿಮ್ಮ ಗಂಡನೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಸೋದರ ಸಂಬಂಧದಲ್ಲಿ ಒಂದೇ ಜೀನ್ ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ನಿಜ. ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಮಗುವಿಗೆ ಆ ಗುಣ ಬಂದಿದ್ದರೂ ತಾಮ್ರ ಹೋಗದೆ ಈ ರೋಗ ಹುಟ್ಟುವುದಿಲ್ಲ. ನಿಮ್ಮ ಮನೆಯ ಮಗು ಅನ್ನುವ ಕಾರಣಕ್ಕೇ ಆ ತಪ್ಪಲೆ ದೂರ ಇರಬೇಕು.

ವಿಲ್ಸನ್ ಕಾಯಿಲೆ ಎಂದು ಓದಿ ಗಾಬರಿಯಾಗಬೇಡಿ. ಅದೂ ತಾಮ್ರ ಸೇರುವ ರೋಗ, ಅದೂ ಮನೆತನದಲ್ಲಿ ಬರುತ್ತದೆ, ಆದರೆ ಬೇರೆ. ಅದಕ್ಕೆ ಪಾತ್ರೆ ಬೇಕಾಗಿಲ್ಲ, ಊಟದಲ್ಲಿರುವ ಸಾಮಾನ್ಯ ತಾಮ್ರವೇ ಸಾಕು. ಅದರ ಜೀನ್ 1993ರಲ್ಲಿ ಸಿಕ್ಕಿತು. ಒಂದೂವರೆ ವರ್ಷದ ಮಗುವನ್ನು ಅದು ಕೊಲ್ಲುವುದಿಲ್ಲ, ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಥವಾ ಆಮೇಲೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕದಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರ ಪ್ರಕಟಿಸಿದ್ದಾರೆ. ಹಾಗಾಗಿ ನಮ್ಮ ನಾಡಿನಲ್ಲಿ ಅದನ್ನು ಚೆನ್ನಾಗಿ ಬಲ್ಲವರಿದ್ದಾರೆ. ನಿಮ್ಮ ಕುಟುಂಬದಲ್ಲಿ ಹದಿಹರೆಯದಲ್ಲಿ ಲಿವರ್ ಕೆಟ್ಟವರು, ಕೈ ನಡುಗಿ ಮಾತು ತೊದಲಿದವರು ಯಾರಾದರೂ ಇದ್ದರೆ ವೈದ್ಯರಿಗೆ ಹೇಳಿ. ಇಲ್ಲದಿದ್ದರೆ ಈ ಚಿಂತೆ ಬೇಡ.

ಮಗುವಿಗೆ ಈಗ ಏನಾದರೂ ಪರೀಕ್ಷೆ ಬೇಕೇ? ಮಗು ಚೆನ್ನಾಗಿ ಹಾಲು ಕುಡಿಯುತ್ತಾ, ತೂಕ ಏರುತ್ತಾ, ಆಡುತ್ತಾ ಇದ್ದರೆ ಬೇಡ. ಮುಂದಿನ ಸಲ ಲಸಿಕೆಗೆ ಹೋದಾಗ ಮನೆಯ ಈ ಕಥೆ ಹೇಳಿ, ಹೊಟ್ಟೆ ಮುಟ್ಟಿ ನೋಡಿ ಎಂದು ಕೇಳಿ. ಒಂದು ನಿಮಿಷದ ಕೆಲಸ. ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬುತ್ತಾ ಹೋದರೆ ಕಾಯಬೇಡಿ. ಇದನ್ನು ಓದುತ್ತಿರುವ ಬೇರೆ ತಾಯಂದಿರಿಗೂ ಒಂದು ಮಾತು: ಹುಟ್ಟಿದ ಮಗುವಿಗೆ ಎರಡು ವಾರ ಕಳೆದರೂ ಹಳದಿ ಹೋಗದೆ, ಮಲ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಪಿತ್ತನಾಳ ಮುಚ್ಚಿದ ಬೇರೆಯೇ ರೋಗ ಇರಬಹುದು. ಅದಕ್ಕೆ ಆಪರೇಷನ್ ಇದೆ, ಆದರೆ ಮೊದಲ ಎರಡು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದು ಕಾದು ಆ ಸಮಯ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಏಳು ತಿಂಗಳ ಮಗುವಿಗೆ ಎದೆಹಾಲು ಮುಂದುವರಿಸಿ. ಜೊತೆಗೆ ರಾಗಿ ಸರಿ, ಮೆತ್ತಗಿನ ಅನ್ನ ಬೇಳೆ, ಬಾಳೆಹಣ್ಣು. ಒಂದು ವರ್ಷ ತುಂಬುವವರೆಗೆ ಹಸುವಿನ ಹಾಲನ್ನು ಕುಡಿಸುವುದೇ ಬೇಡ. ಅದಕ್ಕೆ ತಾಮ್ರವಲ್ಲದೆ ಬೇರೆ ಕಾರಣಗಳೂ ಇವೆ, ರಕ್ತಹೀನತೆ ಅದರಲ್ಲಿ ಮುಖ್ಯ. ಆಮೇಲೆ ಕೊಡುವಾಗ ಸ್ಟೀಲಿನಲ್ಲಿ ಕಾಯಿಸಿ. ಬೆಳ್ಳಿ ಒಳಲೆ ಇದ್ದರೆ ಚೆನ್ನಾಗಿ ಕುದಿಸಿ ಬಳಸಿ, ತೊಂದರೆ ಇಲ್ಲ.

ಮೊಬೈಲಿನಲ್ಲಿ ತೋರಿಸುವ ತಾಮ್ರದ ಬಾಟಲಿಯ ಬಗ್ಗೆಯೂ ಹೇಳಬೇಕು. ತಾಮ್ರ ಶತ್ರು ಅಲ್ಲ. ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯ ಸಂಶೋಧಕರು 2012ರಲ್ಲಿ ಒಂದು ಒಳ್ಳೆಯ ಕೆಲಸ ಪ್ರಕಟಿಸಿದರು. ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟರೆ ಆ ಬ್ಯಾಕ್ಟೀರಿಯಾ ಸತ್ತಿದ್ದವು. ನೀರಿಗೆ ಬಿಟ್ಟ ತಾಮ್ರ ಲೀಟರಿಗೆ 0.2 ಮಿಲಿಗ್ರಾಮಿಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ಹಾಗಾಗಿ ದೊಡ್ಡವರು ತಾಮ್ರದ ತಂಬಿಗೆಯ ನೀರು ಕುಡಿಯಲಿ, ನಾನೂ ಕುಡಿಯುತ್ತೇನೆ. ಆದರೆ ಅದರಲ್ಲಿ ನಿಂಬೆ ಪಾನಕ, ಮಜ್ಜಿಗೆ, ಹಾಲು ಹಾಕಬೇಡಿ. ಆ ನೀರಿನಲ್ಲಿ ಮಗುವಿನ ಹಾಲಿನ ಪುಡಿ ಕಲಸಬೇಡಿ. ಹಿತ್ತಾಳೆ ಪಾತ್ರೆಗೆ ಹೊಸ ಕಲಾಯಿ ಹಾಕಿಸಿ ದೊಡ್ಡವರ ಅಡುಗೆ ಮಾಡುವುದಾದರೆ ಮಾಡಲಿ. ಆದರೆ ಕಲಾಯಿ ಯಾವತ್ತು ಸವೆಯಿತು ಎಂದು ದಿನಾ ಬಗ್ಗಿ ನೋಡುವವರು ಯಾರು? ಅದಕ್ಕೇ ಮಗುವಿನ ಪಾಲಿಗೆ ಕಲಾಯಿ ಇದ್ದರೂ ಬೇಡ ಎನ್ನುತ್ತೇನೆ. ಹಿತ್ತಾಳೆ ಪಾತ್ರೆಯ ಗುಣ ಹಾಡುವ ಆ ವಿಡಿಯೋಗಳಲ್ಲಿ ಎಳೆ ಮಕ್ಕಳ ಹಾಲಿನ ವಿಷಯ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಳೆಯದೆಲ್ಲ ಒಳ್ಳೆಯದು ಎನ್ನುವ ಭರದಲ್ಲಿ, ಆ ಹಳೆಯ ಕಾಲದಲ್ಲೇ ತೀರಿಕೊಂಡ ಮಕ್ಕಳು ಮರೆತುಹೋಗಿದ್ದಾರೆ.

ಅತ್ತೆಯವರಿಗೆ ಹೇಗೆ ಹೇಳುವುದು ಎಂಬ ಮುಜುಗರ ಇರಬಹುದು. "ಡಾಕ್ಟರು ಬೇಡ ಅಂದರು" ಎಂದು ನನ್ನ ಮೇಲೇ ಹಾಕಿ. ಅಥವಾ ಈ ಪುಟವನ್ನೇ ಓದಲು ಕೊಡಿ. ಹೋದ ಇಬ್ಬರು ಅವರ ಅಣ್ಣಂದಿರು. ಅವರು ತಿಳಿದುಕೊಳ್ಳುತ್ತಾರೆ.

ಅಜ್ಜಿ ಇನ್ನೂ ಇದ್ದಾರೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಪಕ್ಕದಲ್ಲಿ ಕೂತು ಒಂದು ಮಾತು ಹೇಳಿ. ಆಗ ಎಲ್ಲರೂ ದೂರಿದ ಎದೆಹಾಲನ್ನು ಈಗ ಅಳೆದು ನೋಡಿದ್ದಾರೆ, ಅದರಲ್ಲಿ ಮಗುವಿಗೆ ಬೇಕಾದಷ್ಟೇ ತಾಮ್ರ ಇರುತ್ತದಂತೆ, ಜಾಸ್ತಿ ಇರುವುದಿಲ್ಲವಂತೆ ಎಂದು.